ಮೊರದಲ್ಲಿ ಲಿಥಿಯಂ

ಅಣ್ಣನ ಮಗ ಸೈಕಲ್ಲಿಗೆ ಬ್ಯಾಟರಿ ಕಟ್ಟುತ್ತಿದ್ದಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ, ಹ್ಯಾಂಡಲ್ಲಿಗೆ ಟಾರ್ಚು ಕಟ್ಟುತ್ತಿರಬೇಕು ಅಂದುಕೊಂಡು ಸುಮ್ಮನಾದೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುವುದು. ಡೈನಮೊ ಕೆಟ್ಟ ಸೈಕಲ್ಲಿಗೆ ಬ್ಯಾಟರಿ ಕಟ್ಟಿಕೊಂಡು ಓಡಾಡಿದವರು ನಾವು. ‘ಕಟ್ಟಲಿ ಬಿಡಿ ಅತ್ತಿಗೆ’ ಅಂದೆ. ‘ಮನೆ ಸುಟ್ಟುಹೋಗಲ್ಲ ತಾನೆ?’ ಎಂದರು. ಟಾರ್ಚಿನಿಂದ ಮನೆ ಸುಟ್ಟ ಸುದ್ದಿ ನಾನೆಲ್ಲೂ ಕೇಳಿರಲಿಲ್ಲ.

ಊರು ಹಳ್ಳಿಮೈಸೂರಿನ ಪಕ್ಕ. ಅರಮನೆಯಿಲ್ಲದ, ದಸರೆಯಿಲ್ಲದ, ಆನೆಯಂತೂ ಇಲ್ಲವೇ ಇಲ್ಲದ ಮೈಸೂರು ಇದು; ಹೊಳೆನರಸೀಪುರ ತಾಲ್ಲೂಕಿನ ಹೋಬಳಿ. ಹಾಸನದಿಂದ ಹೊರಟು ಮನೆ ಮುಟ್ಟಿದಾಗ ಪಡಸಾಲೆಯ ನಡುವೆ ರಾಗಿ ಕೇರುವ ಮೊರ ಇತ್ತು. ಅದರ ತುಂಬ ನೀಲಿ, ಗುಲಾಬಿ, ಹಸಿರು ಬಣ್ಣದ ಗಿಡ್ಡ ಸೆಲ್ಲುಗಳು. ಹುಡುಗ ಒಂದೊಂದನ್ನೇ ಎತ್ತಿ ಎರಡು ತುದಿಗೂ ಮೀಟರಿನ ಕಡ್ಡಿ ಮುಟ್ಟಿಸಿ, ಮೈಮೇಲೆ ಮಾರ್ಕರಿನಲ್ಲಿ ಏನೋ ಬರೆದು ಕೆಳಗಿಡುತ್ತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು, ‘ಮೊರ ಯಾವಾಗ ಕೊಡ್ತೀಯಪ್ಪ?’ ಎನ್ನುತ್ತಿದ್ದರು. ಆ ಪ್ರಶ್ನೆ ಬಹಳ ದಿನದಿಂದ ನಡೆಯುತ್ತಿತ್ತು ಎಂಬುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ಎಲ್ಲವೂ ಹಳೇ ಲ್ಯಾಪ್‌ಟಾಪುಗಳ ಬ್ಯಾಟರಿ ಒಡೆದು ತೆಗೆದ ಸೆಲ್ಲುಗಳು. ಒಂದು ಬ್ಯಾಟರಿ ಒಡೆದರೆ ಸಾಮಾನ್ಯವಾಗಿ ಒಳಗೆ ಆರು ಸಿಕ್ಕುತ್ತವಂತೆ. ಇವುಗಳ ಹೆಸರು 18650. ‘18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಚಿಕ್ಕಪ್ಪ’ ಎಂದ. ಕೊನೆಯ ಸೊನ್ನೆ? ‘ದುಂಡಗಿದೆ ಅಂತ.’ ಕಣ್ಣಿಗೆ ಕಾಣುವುದನ್ನೇ ಮತ್ತೆ ಬರವಣಿಗೆಯಲ್ಲಿ ಕೊಡಬೇಕೆನ್ನುವುದು ನಮ್ಮ ತಾಲ್ಲೂಕು ಕಚೇರಿಯ ಕಾನೂನು ಮಾತ್ರ ಎಂದು ನಂಬಿದ್ದೆ.

ಒಂದೊಂದನ್ನೂ 4.2 ವೋಲ್ಟಿನವರೆಗೆ ತುಂಬಿಸಿ, ವಾರಗಟ್ಟಲೆ ಮೊರದಲ್ಲಿ ಸುಮ್ಮನೆ ಬಿಡಬೇಕು. ಆಮೇಲೆ ಮತ್ತೆ ಅಳೆಯಬೇಕು. ಕೂತಲ್ಲೇ ಕರಗಿದ್ದು ಕೆಟ್ಟದ್ದು, ಅದನ್ನು ಎತ್ತಿ ಬೇರೆ ಇಡಬೇಕು. ಉಳಿದವುಗಳನ್ನು ಪೂರ್ತಿ ಖಾಲಿ ಮಾಡಿ, ಯಾವುದು ಎಷ್ಟು ಹಿಡಿಯುತ್ತದೆ ಎಂದು ನೋಡಿ, ಸಮಸಮವಾದವನ್ನು ಒಂದು ಗುಂಪಿಗೆ ಸೇರಿಸಬೇಕು. ಅವ್ವ ಗೋಡೆಗೊರಗಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ‘ಬಿತ್ತನೆ ಆಲೂಗೆಡ್ಡೆ ಆರಿಸ್ದಂಗೆ ಆರಿಸ್ತಾವ್ನೆ ಕಣ್ಲಾ’ ಎಂದಳು. ಹಾಸನ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಯಾರಿಗೂ ಕೊಡುವುದಿಲ್ಲ.

ಅವ್ವನಿಗೆ ಸೆಲ್ಲು ಹೊಸದಲ್ಲ. ಅಪ್ಪನ ರೇಡಿಯೊದ ಸೆಲ್ಲು ಮುಗಿದು ದನಿ ಗೊಗ್ಗರಾದಾಗ ಅವನ್ನು ಕಿತ್ತು ಹೆಂಚಿನ ಮೇಲೆ ಬಿಸಿಲಿಗಿಡುತ್ತಿದ್ದವಳು ಅವಳೇ. ಹಪ್ಪಳ ಒಂದು ಕಡೆ, ಸೆಲ್ಲು ಒಂದು ಕಡೆ. ಸಂಜೆ ಹಾಕಿದರೆ ಪ್ರದೇಶ ಸಮಾಚಾರ ಮುಗಿಯುವವರೆಗೆ ಬರುತ್ತಿತ್ತು, ಕೃಷಿರಂಗದ ಹೊತ್ತಿಗೆ ಮತ್ತೆ ಗೊಗ್ಗರು. ಅದೇನೂ ಮೂಢನಂಬಿಕೆಯಲ್ಲ. ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ, ವಿಶ್ರಾಂತಿ ಸಿಕ್ಕಿದರೆ ಸತುವಿನ ಸೆಲ್ಲು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅದೇ ಅನುಭವದ ಮೇಲೆ ಅವ್ವ ಈ ಮೊರವನ್ನೂ ಒಂದು ಮಧ್ಯಾಹ್ನ ಅಂಗಳದ ಬಿಸಿಲಿಗಿಟ್ಟಿದ್ದಳಂತೆ. ಹುಡುಗ ಕಾಲೇಜಿನಿಂದ ಬಂದು ನೋಡಿ ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಲಿಥಿಯಂಗೆ ಬಿಸಿಲು ಆಗುವುದಿಲ್ಲ. ‘ಅದೆಂಥ ಸೆಲ್ಲಪ್ಪ ಅದು, ಬಿಸ್ಲಿಗೂ ಆಗ್ದೇ ಇರೋದು’ ಎಂದು ಅವ್ವನಿಗೆ ಅವತ್ತಿನಿಂದ ಅದರ ಮೇಲೆ ಅಸಡ್ಡೆ.

ಕೊನೆಗೆ 52 ಸೆಲ್ಲು ಆಯ್ಕೆಯಾದವು. ನಾಲ್ಕು ನಾಲ್ಕು ಸೇರಿಸಿ ಒಂದು ಗುಂಪು, ಅಂಥ 13 ಗುಂಪು ಸಾಲಾಗಿ. ಹೆಸರಿಗೆ 48 ವೋಲ್ಟು; ತುಂಬಿದಾಗ 54.6. ಬೆಂಗಳೂರಿನಲ್ಲಿ 2001ರಲ್ಲಿ ಬಂದ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಓಡುತ್ತಿದ್ದದ್ದೂ 48 ವೋಲ್ಟಿನಲ್ಲೇ. ಆದರೆ ಅದರ ಹೊಟ್ಟೆಯಲ್ಲಿದ್ದದ್ದು ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಗಂಡಾಳೂ ಏದುಸಿರು ಬಿಡುವಷ್ಟು ಭಾರ. ಇವನದು ಅತ್ತಿಗೆಯ ಒಗ್ಗರಣೆ ಡಬ್ಬಿಯ ಪಕ್ಕ ಇಟ್ಟರೆ ಕಾಣದೇ ಹೋಗಬಹುದು. ಅತ್ತಿಗೆಯ ಭಯವೂ ಅದೇ.

ಸೆಲ್ಲಿನಿಂದ ಸೆಲ್ಲಿಗೆ ನಿಕ್ಕಲ್ ಪಟ್ಟಿ ಅಂಟಿಸಬೇಕು. ಬೆಸುಗೆ ಕಡ್ಡಿ ಹಿಡಿದರೆ ಕಾವು ಒಳಗೆ ಇಳಿದು ಸೆಲ್ಲು ಹಾಳಾಗುತ್ತದೆ. ಆದ್ದರಿಂದ ಕಣ್ಣು ಮಿಟುಕಿಸುವುದರೊಳಗೆ ನೂರಾರು ಆಂಪಿಯರ್ ಕರೆಂಟು ಹರಿಸಿ, ಪಟ್ಟಿ ಕಚ್ಚಿಕೊಂಡ ಕೂಡಲೇ ನಿಲ್ಲಿಸಬೇಕು. ಅಷ್ಟು ಕರೆಂಟು ಕೊಡುವ ಶಕ್ತಿ ನಮ್ಮ ಮನೆಯಲ್ಲಿ ಒಂದಕ್ಕೇ ಇತ್ತು: ಟ್ರ್ಯಾಕ್ಟರಿನ ಬ್ಯಾಟರಿಗೆ. ಹುಡುಗ ರಾತ್ರಿ ಅದನ್ನು ಬಿಚ್ಚಿ ತಂದ. ಚಟ್, ಚಟ್, ಚಟ್ ಎಂದು ಮಧ್ಯರಾತ್ರಿವರೆಗೆ ಕಿಡಿ ಹಾರಿತು. ಬೆಳಿಗ್ಗೆ ಅಣ್ಣ ಉಳಲು ಹೊರಟರೆ ಟ್ರ್ಯಾಕ್ಟರು ಕೆಮ್ಮಲೂ ಇಲ್ಲ.

ಆ ಬ್ಯಾಟರಿಗೆ, ಅಂದರೆ ಅದರ ಅಜ್ಜ ಮುತ್ತಜ್ಜಂದಿರಿಗೆ, ನಮ್ಮೂರಿನಲ್ಲಿ ಇನ್ನೂ ದೊಡ್ಡ ಮರ್ಯಾದೆ ಇದ್ದ ಕಾಲವೊಂದಿತ್ತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಯಿತು; ಮರುವರ್ಷ ಜುಲೈವರೆಗೆ ನಡೆಯಿತು. ಕರೆಂಟು ಸರಿಯಾಗಿ ಭಾನುವಾರ ಬೆಳಿಗ್ಗೆಯೇ ಹೋಗುತ್ತಿತ್ತು. ಬೀದಿಗೊಂದೇ ಟೀವಿ, ಅದೂ ಕಪ್ಪು ಬಿಳುಪು, 12 ವೋಲ್ಟಿನಲ್ಲಿ ಓಡುವಂಥದ್ದು. ಶನಿವಾರವೇ ಯಾರಾದರೊಬ್ಬರು ಬ್ಯಾಟರಿಯನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಒಯ್ದು ಚಾರ್ಜಿಗೆ ಬಿಡಬೇಕು. ಆ ಅಂಗಡಿಯ ವಾಸನೆ ಇವತ್ತಿಗೂ ಮೂಗಿನಲ್ಲಿದೆ: ಆಸಿಡ್ಡು, ಗ್ರೀಸು, ಪಕ್ಕದ ಹೋಟೆಲಿನ ಬೋಂಡದ ಎಣ್ಣೆ. ಸಾಲಾಗಿ ಕೂತ ಬ್ಯಾಟರಿಗಳ ಬಾಯಿ ತೆರೆದಿರುತ್ತಿತ್ತು, ಒಳಗೆ ಗುಳುಗುಳು. ಅಂಗಡಿಯವರು ಗಾಜಿನ ಕೊಳವೆಯಲ್ಲಿ ಆಸಿಡ್ ಹೀರಿ ನೋಡಿ, ‘ಆಗಿಲ್ಲ, ಬೆಳಿಗ್ಗೆ ಬನ್ನಿ’ ಎನ್ನುವರು. ಬೆಳಿಗ್ಗೆ ಆರಕ್ಕೆ ಹೋಗಿ ತಂದು, ಹಾದಿಯಲ್ಲಿ ತುಳುಕಿದ ಆಸಿಡ್ಡಿಗೆ ಪಂಚೆ ತೂತಾಗಿ, ಒಂಬತ್ತರ ಒಳಗೆ ಟೀವಿಗೆ ಕೊಟ್ಟರೆ, ಬೀದಿಯ ಹೆಂಗಸರು ಮಕ್ಕಳು ಎಲ್ಲ ಪಡಸಾಲೆಯಲ್ಲಿ. ಟೀವಿ ಒಬ್ಬರದು, ಬ್ಯಾಟರಿ ಇನ್ನೊಬ್ಬರದು, ಹೊತ್ತದ್ದು ಮತ್ತೊಬ್ಬರು. ರಾಮ ಎಲ್ಲರವನು. ಬ್ಯಾಟರಿ ಕೊಟ್ಟ ಟ್ರ್ಯಾಕ್ಟರಿನವರಿಗೆ ಮಾತ್ರ ಮುಂದೆ ಕೂರಲು ಚಾಪೆ.

ಇದನ್ನು ಹುಡುಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: ‘ಎಷ್ಟು ಆಂಪಿಯರ್ ಅವರ್, ಚಿಕ್ಕಪ್ಪ?’

ಇವನ ಬ್ಯಾಟರಿ ಇವನೊಬ್ಬನದು. ಇದರಲ್ಲಿ ತಪ್ಪೇನಿಲ್ಲ, ಬೆವರು ಅವನದು, ದುಡ್ಡು ಅವನ ಅಮ್ಮನದು. 250 ವಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ ವೇಗವಾದರೆ ಲೈಸೆನ್ಸಿಲ್ಲ, ನಂಬರ್ ಪ್ಲೇಟಿಲ್ಲ. ಒಂದು ಸಲ ತುಂಬಲು ಅರ್ಧ ಯೂನಿಟ್ಟಿನ ಆಸುಪಾಸು ಕರೆಂಟು. ಗೃಹಜ್ಯೋತಿಯ 200 ಯೂನಿಟ್ಟಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಬೇಜಾರು. ಬ್ಯಾಟರಿ ಚಿಕ್ಕದಾಗುತ್ತ ಆಗುತ್ತ ಅದರ ಸುತ್ತ ಕೂರುವ ಜನವೂ ಕಡಿಮೆಯಾದರು ಅಂತ.

ಹಾಗಂದುಕೊಂಡದ್ದು ಮೊದಲ ಚಾರ್ಜಿನ ರಾತ್ರಿವರೆಗೆ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೊಗಳನ್ನು ಅತ್ತಿಗೆ ಜೋಪಾನ ಮಾಡಿಟ್ಟಿದ್ದರು. ಆಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು, ನಿಜ. ಆದರೆ ಕಾರ್ಖಾನೆಗಳಿಗಾಗಿ ಬರೆದ ನಿಯಮ ನಮ್ಮ ಪಡಸಾಲೆಯ ಮೊರದವರೆಗೆ ಬಂದಿರಲಿಲ್ಲ. ಹಳೇ ಸೆಲ್ಲುಗಳ ಜಾತಕ ಯಾರಿಗೂ ಗೊತ್ತಿರುವುದಿಲ್ಲ. ಒಳಗೇ ಶಾರ್ಟಾಗಿ ಒಂದು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಆಮೇಲೆ ನೀರು ಸುರಿದರೂ ಸುಲಭಕ್ಕೆ ಕೇಳುವುದಿಲ್ಲ. ಓದುವವರು ಯಾರೂ ಇದನ್ನು ನೋಡಿ ಮೊರ ತಂದು ಕೂರಬಾರದೆಂದು ಇಷ್ಟು ಹೇಳಿದೆ. ಹುಡುಗನೇನೋ ಬಿಎಂಎಸ್ ಎಂಬ ಹಸಿರು ಹಲಗೆ ಹಾಕಿದ್ದ. ಹದಿಮೂರೂ ಗುಂಪಿನ ಮೇಲೆ ಕಣ್ಣಿಟ್ಟು, ಒಂದು ಮಿತಿ ಮೀರಿದರೂ ಬಾಗಿಲು ಹಾಕುವ ಮೇಸ್ತ್ರಿ ಅದು. ಆದರೆ ಮೇಸ್ತ್ರಿಯನ್ನು ನಂಬಿ ಮಲಗುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ನಮ್ಮದು ಹೊಗೆಸೊಪ್ಪಿನ ಸೀಮೆ. ಜುಲೈ ಆಗಸ್ಟು ಬಂದರೆ ಬ್ಯಾರನ್ನಿಗೆ ಸೊಪ್ಪು ಏರಿಸಿ, ಒಲೆಗೆ ಸೌದೆ ಇಕ್ಕಿ, ಹಗಲೂ ರಾತ್ರಿ ಕಾವು ನೋಡಬೇಕು. ಮೊದಲು ಎಲೆ ಹಳದಿಯಾಗುವವರೆಗೆ ಮೈಶಾಖದಷ್ಟು, ಆಮೇಲೆ ಏರಿಸುತ್ತ ಏರಿಸುತ್ತ, ದಂಟು ಒಣಗುವ ಹೊತ್ತಿಗೆ 70 ಡಿಗ್ರಿ ಸೆಲ್ಸಿಯಸ್ ಹತ್ತಿರ. ಒಂದು ರಾತ್ರಿ ತೂಕಡಿಸಿದರೆ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲು ಮೂಸಿ ನೋಡಿ ಮುಂದೆ ಹೋಗಿಬಿಡುತ್ತಾರೆ. ಇಂಥ ರಾತ್ರಿಗಳಲ್ಲಿ ಬೆಳೆದ ಅಣ್ಣ, ಟ್ರ್ಯಾಕ್ಟರಿನ ಸಿಟ್ಟು ಇನ್ನೂ ಇಳಿಯದಿದ್ದರೂ, ಎದ್ದುಹೋಗಿ ಬ್ಯಾರನ್ನಿನ ಥರ್ಮಾಮೀಟರು ತಂದು ಮಗನ ಬ್ಯಾಟರಿಗೆ ದಾರದಲ್ಲಿ ಕಟ್ಟಿದ. ಹುಲ್ಲಿನ ಮೆದೆಯಿಂದ ದೂರ, ಕೊಟ್ಟಿಗೆಯಿಂದ ದೂರ, ಅಂಗಳದ ಸಿಮೆಂಟು ನೆಲದ ಮೇಲೆ, ಬಕೆಟ್ಟಿನಲ್ಲಿ ಮರಳು ತುಂಬಿ ಪಕ್ಕಕ್ಕಿಟ್ಟು, ಚಾರ್ಜರು ಹಾಕಿದರು. ಕೆಂಪು ದೀಪ ಹತ್ತಿತು.

ಸುತ್ತ ಎಲ್ಲರೂ ಕೂತೆವು. ಎದುರು ಮನೆಯವರೂ ಬಂದರು. ಮಾತಿಗೆ ಮಾತು ಬೆಳೆಯಿತು. ಈ ಲಿಥಿಯಂ ಮಂಡ್ಯದಲ್ಲೇ ಸಿಕ್ಕಿದೆಯಲ್ಲ ಎಂದರು ಯಾರೋ. ಸಿಕ್ಕಿದೆ, ಮಾರ್ಲಗಲ್ಲ, ಅಲ್ಲಾಪಟ್ಟಣದ ಬಂಡೆಗಳಲ್ಲಿ. 2020ರಲ್ಲಿ 14,100 ಟನ್ ಇರಬಹುದೆಂಬ ಅಂದಾಜು ಪತ್ರಿಕೆಯಲ್ಲಿ ಬಂತು. ಮರುವರ್ಷ ಸರ್ಕಾರ ಹೇಳಿದ ಲೆಕ್ಕ 1,600 ಟನ್. ‘ಮಂಡ್ಯದೋರು ಮೊದ್ಲಿಂದ್ಲೂ ವಸಿ ಜಾಸ್ತಿನೇ ಯೋಳೋದು’ ಎಂದು ಎದುರು ಮನೆಯವರು ಗಡಿ ವಿವಾದ ಒಂದನ್ನು ಅಲ್ಲೇ ಇತ್ಯರ್ಥ ಮಾಡಿದರು. ಹುಡುಗ, ಈ ಸೆಲ್ಲಿನ ಮೂಲಪುರುಷರಲ್ಲೊಬ್ಬರಾದ ಗುಡ್‌ಇನಫ್ ಎಂಬ ವಿಜ್ಞಾನಿಗೆ 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97, ಬದುಕಿದ್ದು ನೂರು ವರ್ಷ ಎಂದ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, ‘ಅಯ್ಯಂಗೆ ಆಟೊರ್ಷ ಚಾರ್ಜ್ ಆಕ್ದೋರು ಯಾರ್ಲಾ?’ ಎಂದಳು. ಥರ್ಮಾಮೀಟರು ಏರಲಿಲ್ಲ. ದೀಪ ಹಸಿರಾದಾಗ ಯಾರಿಗೂ ಎದ್ದು ಹೋಗಲು ಮನಸ್ಸಿರಲಿಲ್ಲ. ಅತ್ತಿಗೆ ಎರಡನೇ ಸಲ ಕಾಫಿ ಇಟ್ಟರು.

ಸೈಕಲ್ಲು ಓಡಿತು, ಚೆನ್ನಾಗಿಯೇ ಓಡುತ್ತಿದೆ. ಆದರೆ ಅದಕ್ಕೊಂದು ಗುಣ. ಏರು ಹತ್ತುವಾಗ ವೋಲ್ಟು ಕುಸಿದು ಇನ್ನೇನು ಮುಗಿಯಿತು ಎಂದು ತೋರಿಸುತ್ತದೆ; ಮೇಲೆ ಹೋಗಿ ಮರದಡಿ ನಿಲ್ಲಿಸಿ ನೋಡಿದರೆ ಮತ್ತೆ ಏರಿರುತ್ತದೆ. ನಮ್ಮ ಮನೆತನದ ರಕ್ತ ಅದಕ್ಕೂ ಹತ್ತಿದೆ. ಆ ಅಂಕಿಯನ್ನೇ ನೋಡುತ್ತ ಹೋಗುವ ಹುಡುಗನಿಗೆ ಹಾದಿಯ ಹೊಳೆಯೂ ಇಲ್ಲ, ತೋಟವೂ ಇಲ್ಲ. ನನಗೆ ಡೈನಮೊದ ದೀಪ ನೆನಪಾಗುತ್ತದೆ. ತುಳಿದರೆ ಬೆಳಕು, ನಿಂತರೆ ಕತ್ತಲು. ನಾಳೆಗೆಂದು ಏನೂ ಉಳಿಯುತ್ತಿರಲಿಲ್ಲ, ಆದ್ದರಿಂದ ಎಷ್ಟು ಉಳಿದಿದೆ ಎಂಬ ಚಿಂತೆಯೂ ಇರಲಿಲ್ಲ.

ಈ ಮಳೆಗಾಲದ ಒಂದು ಗಾಳಿಗೆ ಕಂಬ ಮುರಿದು ಬೀದಿಗೆಲ್ಲ ಕರೆಂಟು ಹೋಯಿತು. ಸೆಸ್ಕ್‌ನವರು ಬರುವ ಹೊತ್ತಿಗೆ ಎಲ್ಲರ ಫೋನೂ ಸತ್ತಿದ್ದವು. ಹುಡುಗನ ಬಳಿ 48 ವೋಲ್ಟನ್ನು ಐದಕ್ಕೆ ಇಳಿಸುವ ಒಂದು ಪುಟ್ಟ ಡಬ್ಬಿ ಇದೆ ಎಂಬ ಸುದ್ದಿ ಹೇಗೋ ಹೊರಬಿತ್ತು. ಬಹುಶಃ ಅವ್ವನ ಬಾಯಿಂದ. ಮೊದಲು ಎದುರು ಮನೆಯವರು ಬಂದರು, ಆಮೇಲೆ ಅವರ ಬೀಗರು, ಆಮೇಲೆ ಹಾಲಿನ ಡೇರಿಯವರು. ಸೈಕಲ್ಲಿನ ಸುತ್ತ ತಂತಿಗಳು ಜೋತಾಡತೊಡಗಿದವು. ನನ್ನದು ಮೊದಲು, ನಿನ್ನದು ಆಮೇಲೆ ಎಂದು ಜಗಲಿಯ ಮೇಲೆ ಜಗಳವೂ ಆಯಿತು. ಹುಡುಗ ಮೀಟರು ನೋಡಿ ನೋಡಿ ಮುಖ ಸಣ್ಣ ಮಾಡಿಕೊಂಡ.

‘ಎಲ್ರೂ ಹಾಕ್ಕೊಂಡ್ರೆ ನಾಳೆ ನಾನು ಕಾಲೇಜಿಗೆ ಹೆಂಗೆ ಹೋಗ್ಲಿ?’ ಎಂದ.

ಡೇರಿಯವರು ತಮ್ಮ ಫೋನು ಚುಚ್ಚುತ್ತಲೇ, ‘ತುಳ್ಕೊಂಡು ಓಗ್ಲಾ’ ಎಂದರು. ‘ಪೆಡ್ಲು ಅಂಗೇ ಅದಲ್ಲ, ಕಿತ್ತಾಕಿಲ್ಲ ತಾನೆ?’