ಮೂರು ಕೋಲಿನ ಬಾಗಿಲು

ಈ ದಿನ ಬೆಳಗಿನ ಜಾವ, ಸೂರ್ಯೋದಯವನ್ನು ತಪ್ಪಿಸಿಕೊಳ್ಳಬಾರದೆಂಬ ಆತುರದಲ್ಲಿ ಉಣ್ಣೆಯ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು ಹೊರಗೆ ಕಾಲಿಟ್ಟೊಡನೆಯೇ, ನಾವು ತಂಗಿದ್ದ ಮನೆಯ ಬಾಗಿಲು ನನ್ನ ಬೆನ್ನ ಹಿಂದೆ ತಾನಾಗಿ ಮುಚ್ಚಿಕೊಂಡು, ಮಕ್ಕಳ ಆಟಿಕೆಯ ವಾದ್ಯದಂತೆ ನಾಲ್ಕೈದು ಸ್ವರಗಳನ್ನು ನುಡಿಸಿ, ಬೀಗ ಹಾಕಿಕೊಂಡಿತು. ಹಿಂದಿನ ರಾತ್ರಿ ನಾವು ಒಳಕ್ಕೆ ಬಂದಾಗಲೂ ಅದು ಹೀಗೆಯೇ ಹಾಡಿತ್ತು. ಆ ಬಾಗಿಲಿಗೆ ಬೀಗದ ಕೈ ಎಂಬುದಿಲ್ಲ. ಒಂದು ಸಂಖ್ಯೆ ಮಾತ್ರವುಂಟು. ಸಂಖ್ಯೆಯನ್ನು ದೂರವಾಣಿಗೆ ಕಳುಹಿಸಿದ ಮನೆಯೊಡೆಯನನ್ನು ನಾವು ಕಂಡುದಿಲ್ಲ, ಅವನು ನಮ್ಮನ್ನು ಕಂಡುದಿಲ್ಲ. ಬರುವವನಿಗೂ ಹೋಗುವವನಿಗೂ, ನೆಂಟನಿಗೂ ಅಪರಿಚಿತನಿಗೂ ಒಂದೇ ರಾಗವನ್ನು ನುಡಿಸುವ ಆ ಬಾಗಿಲಿನ ಮೇಲೆ ನನಗೆ ಉಂಟಾದ ಅಸಮಾಧಾನವು, ನಕ್ಷತ್ರಗಳು ಇನ್ನೂ ಆರದಿದ್ದ ಆ ತಂಪಿನಲ್ಲಿಯೂ ಆರಲಿಲ್ಲ. ಕಾರಿನಲ್ಲಿ ನನ್ನೊಡನೆಯೇ ಬಂದು ಕುಳಿತಿತು.

ಕಾರನ್ನು ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಸೋಲ್ ನಗರದಲ್ಲಿ ಐದು ವರ್ಷಗಳಿಂದ ಉದ್ಯೋಗದಲ್ಲಿರುವ ಅವನು, ಸೋದರಮಾವನಿಗೆ ಕೊರಿಯದ ದಕ್ಷಿಣದ ಕಡಲಲ್ಲಿರುವ ಜೇಜು ದ್ವೀಪವನ್ನು ತೋರಿಸಲೇಬೇಕೆಂದು ಹಟ ಹಿಡಿದು ಕರೆತಂದಿದ್ದನು. ನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಪರ್ವತ, ಅದರ ಮೈಸುತ್ತ ಮುನ್ನೂರೈವತ್ತಕ್ಕೂ ಮೀರಿದ ಪುಟ್ಟ ಅಗ್ನಿಗುಡ್ಡಗಳು, ಅಂಚಿನಲ್ಲಿ ಕಡಲನ್ನು ಬಿಡದೆ ಸುತ್ತುವ ರಸ್ತೆ: ಇಷ್ಟೇ ಈ ದ್ವೀಪದ ಸ್ಥೂಲ ಚಿತ್ರ. ಗುಡ್ಡಗಳಿಗೆ ಇಲ್ಲಿಯವರು ಒರೂಮ್ ಎನ್ನುತ್ತಾರೆ. ಸೊಲ್ಮುಂದೆ ಎಂಬ ದೈತ್ಯಾಕಾರದ ಅಜ್ಜಿಯೊಬ್ಬಳು ಸೆರಗಿನಂಥ ತನ್ನ ಲಂಗದಲ್ಲಿ ಮಣ್ಣು ತುಂಬಿ ತಂದು ಪರ್ವತವನ್ನು ಕಟ್ಟಿದಳೆಂದೂ, ಬಟ್ಟೆಯ ತೂತುಗಳಿಂದ ದಾರಿಯುದ್ದಕ್ಕೂ ಉದುರಿದ ಮಣ್ಣೇ ಈ ಗುಡ್ಡಗಳಾದುವೆಂದೂ ಕಥೆ. ಸೃಷ್ಟಿಕಾರ್ಯವನ್ನು ಹರಿದ ಬಟ್ಟೆಯ ಒಬ್ಬ ಅಜ್ಜಿಗೆ ವಹಿಸಿಕೊಟ್ಟ ಈ ಜನದ ಕಲ್ಪನೆಯನ್ನು ನಾನು ಆ ಕ್ಷಣದಿಂದಲೇ ಪ್ರೀತಿಸತೊಡಗಿದೆನು.

ಸೊಂಗ್‌ಸಾನ್ ಇಲ್ಚುಲ್‌ಬೊಂಗ್ ಎಂಬ ಉದಯಶಿಖರದ ಮೇಲೆ ಸೂರ್ಯನು ಉದಯಿಸಿದನು. ಅದನ್ನು ಬಣ್ಣಿಸಿದವರು ಬಹುಮಂದಿ. ನಾನು ಹೊಸದಾಗಿ ಸೇರಿಸತಕ್ಕದ್ದೇನೂ ಇಲ್ಲ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಿಂದ ಉಕ್ಕಿದ ಶಿಲಾದ್ರವವು ನೀರನ್ನು ತಾಗಿ ಸಿಡಿದು, ಆ ಬೂದಿಯು ಪದರಪದರವಾಗಿ ನಿಂತು ಗಟ್ಟಿಯಾದ ಬಟ್ಟಲು ಅದು. ಬಟ್ಟಲಿನ ತುಂಬ ಹುಲ್ಲು. ಅಂಚಿನಲ್ಲಿ ಹಲ್ಲುಗಳಂತೆ ಎದ್ದ ಬಂಡೆಗಳು. ಬೆಳಕು ಬಂದಾಗ ಮೇಲಿದ್ದ ನೂರಾರು ಜನರೂ ಒಂದು ಗಳಿಗೆ ಮಾತು ನಿಲ್ಲಿಸಿದರೆಂಬುದನ್ನು ಮಾತ್ರ ಹೇಳಬಲ್ಲೆನು.

ಕೆಳಗಿಳಿದು ಬಂದಾಗ ಹಸಿವು. ಕಡಲಂಚಿನ ಒಂದು ಚಿಕ್ಕ ಊಟದ ಮನೆಯಲ್ಲಿ ಜೊನ್‌ಬೊಕ್‌ಜುಕ್ ಎಂಬ ಗಂಜಿಯನ್ನು ತಂದಿಟ್ಟರು. ಜುಕ್ ಎಂದರೆ ಗಂಜಿಯೇ. ಜೊನ್‌ಬೊಕ್ ಎಂದರೆ ಬಂಡೆಗೆ ಕಚ್ಚಿಕೊಂಡು ಬದುಕುವ, ಅಂಗೈಯಗಲದ ಒಂದು ಚಿಪ್ಪುಜೀವಿ. ಅಕ್ಕಿಯನ್ನು ಮೊದಲು ಎಳ್ಳೆಣ್ಣೆಯಲ್ಲಿ ಹುರಿದು, ಆ ಜೀವಿಯ ಮಾಂಸವನ್ನಲ್ಲದೆ ಅದರ ಕರುಳನ್ನೂ ಕಲಸಿ ಬೇಯಿಸುವುದರಿಂದ ಗಂಜಿಗೆ ಪಾಚಿಯ ನೆರಳಿನಂಥ ಹಸಿರು ಹಳದಿ ಬಣ್ಣ ಬಂದಿರುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಬೆಳಗುಗಳಲ್ಲಿ ಗಂಜಿಯುಂಡು ಬೆಳೆದ ನನಗೆ, ಬಟ್ಟಲಿನ ಅಂಚಿನಿಂದ ಆರಿದ ಭಾಗವನ್ನು ಮೊದಲು ಬಳಿದು ತಿನ್ನುವ ಕ್ರಮವನ್ನು ಯಾರೂ ಕಲಿಸಬೇಕಾಗಲಿಲ್ಲ. ಮೂಲಂಗಿಯ ಕಿಮ್ಚಿಯನ್ನು ನಂಜಿಕೊಂಡು ಎರಡು ಬಟ್ಟಲು ಉಂಡೆನು. ಬಡಿಸುತ್ತಿದ್ದ ವೃದ್ಧೆಯನ್ನು ಅಳಿಯನು “ಸಾಮ್‌ಚೊನ್” ಎಂದು ಕರೆದನು. ಆ ಶಬ್ದಕ್ಕೆ ಕೊರಿಯದ ಉಳಿದೆಡೆಯಲ್ಲೆಲ್ಲ ತಂದೆಯ ತಮ್ಮನೆಂದು ಅರ್ಥ. ಜೇಜುವಿನಲ್ಲಿ ಮಾತ್ರ ಊರಿನ ಹಿರಿಯರೆಲ್ಲ, ಗಂಡಾಗಲಿ ಹೆಣ್ಣಾಗಲಿ, ಸಾಮ್‌ಚೊನ್ನರೇ. ಮುದುಕಿಯ ಮುಖ ಅರಳಿದುದನ್ನು ಕಂಡೆನು.

ಗಂಜಿಗೆ ಬಂದ ಆ ಚಿಪ್ಪುಗಳನ್ನು ಕಡಲಿನಿಂದ ಎತ್ತುವವರು ಹೇನ್ಯೊ ಎಂಬ ಹೆಂಗಸರು. ಉಸಿರು ಕಟ್ಟಿ ಹತ್ತು ಮೀಟರ್ ಆಳದವರೆಗೆ ಮುಳುಗಿ, ಕಬ್ಬಿಣದ ಚಪ್ಪಟೆಯ ಉಳಿಯಿಂದ ಚಿಪ್ಪನ್ನು ಬಂಡೆಯಿಂದ ಬಿಡಿಸಿ, ಮೇಲೆದ್ದು ಬಂದಾಗ ಅವರು ತುಟಿಗಳ ನಡುವಿನಿಂದ ಬಿಡುವ ಉಸಿರು ಹಕ್ಕಿಯ ಸಿಳ್ಳಿನಂತೆ ಕೇಳುತ್ತದೆ; ಅದಕ್ಕೆ ಸುಂಬಿಸೋರಿ ಎಂದು ಹೆಸರು. ಯುನೆಸ್ಕೋ 2016ರಲ್ಲಿ ಅವರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತಾದರೂ, ಒಂದು ಕಾಲಕ್ಕೆ ಇಪ್ಪತ್ತು ಸಾವಿರವನ್ನು ಮೀರಿದ್ದ ಅವರು ಈಗ ಮೂರು ಸಾವಿರಕ್ಕಿಂತ ಕಡಿಮೆ, ಬಹುಮಂದಿ ಅರವತ್ತು ದಾಟಿದವರು. ಅವರ ನಿಯಮಗಳಲ್ಲೊಂದು ನನ್ನ ಮನಸ್ಸನ್ನು ಬಹಳವಾಗಿ ಹಿಡಿಯಿತು. ದಡಕ್ಕೆ ಹತ್ತಿರದ, ಆಳವಿಲ್ಲದ ಕಡಲಿನ ಒಂದು ಭಾಗವನ್ನು ಅವರು “ಹಲ್‌ಮಾಂಗ್ ಬಾದಾಂಗ್”, ಎಂದರೆ ಅಜ್ಜಿಯ ಕಡಲು ಎಂದು ಹೆಸರಿಟ್ಟು ಮೀಸಲಾಗಿ ಬಿಡುತ್ತಾರೆ. ದೂರ ಈಜಲಾರದ ಮುದುಕಿಯರು ಅಲ್ಲಿ ಮುಳುಗಬೇಕು, ಬಲಶಾಲಿಗಳು ಅಲ್ಲಿಗೆ ಕೈಹಾಕಕೂಡದು. ಗೋಡೆಯಿಲ್ಲ, ಬೇಲಿಯಿಲ್ಲ, ನೀರಿನ ಮೇಲೆ ಗೆರೆಯೆಳೆಯುವುದೂ ಸಾಧ್ಯವಿಲ್ಲ. ಆದರೂ ಎಲ್ಲರಿಗೂ ಆ ಎಲ್ಲೆ ಗೊತ್ತು.

ಅಲ್ಲಿಂದ ಒಳನಾಡಿಗೆ ತಿರುಗಿ ಸೊಂಗುಪ್ ಎಂಬ ಹಳೆಯ ಹಳ್ಳಿಗೆ ಹೋದೆವು. 1423ರಿಂದ ಸುಮಾರು ಐದು ಶತಮಾನಗಳ ಕಾಲ ದ್ವೀಪದ ಆಗ್ನೇಯ ಭಾಗದ ಆಡಳಿತ ಕೇಂದ್ರವಾಗಿದ್ದ ಊರು ಇದು. ಗಾಳಿಗೆ ಹಾರಿಹೋಗದಿರಲೆಂದು ಹುಲ್ಲಿನ ಮಾಡುಗಳನ್ನು ಬಲೆಯಂತೆ ಹಗ್ಗದಿಂದ ಬಿಗಿದಿದ್ದಾರೆ. ಕರಿಯ ಕಲ್ಲಿನ ಗೋಡೆಗಳನ್ನು ಗಾರೆಯಿಲ್ಲದೆ, ಗಾಳಿಯು ಕಲ್ಲುಕಲ್ಲಿನ ಸಂದಿಯಿಂದ ಹಾದುಹೋಗುವಂತೆ ಪೇರಿಸಿದ್ದಾರೆ. ಇಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ. ಒಂದು ಮನೆಯ ಮುಂದೆ, ಅಂಗಳಕ್ಕೆ ತೆರೆದ ದಾರಿಯ ಇಕ್ಕೆಲಗಳಲ್ಲಿ, ಎದೆಯೆತ್ತರಕ್ಕೆ ನಿಂತ ಎರಡು ಕರಿಗಲ್ಲಿನ ಕಂಬಗಳು. ಎರಡಕ್ಕೂ ಮೇಲಿಂದ ಕೆಳಕ್ಕೆ ಮೂರು ಮೂರು ದುಂಡನೆಯ ತೂತುಗಳು. ಆ ತೂತುಗಳ ನಡುವೆ ಅಡ್ಡಲಾಗಿ ಹಾಕಿದ ಮರದ ಕೋಲುಗಳು. ನಾನು ಅಲ್ಲಿಯೇ ನಿಂತುಬಿಟ್ಟೆನು.

ಇದರ ಹೆಸರು ಜೊಂಗ್‌ನಾಂಗ್. ಕಳ್ಳರಿಲ್ಲ, ಭಿಕ್ಷುಕರಿಲ್ಲ, ಬಾಗಿಲಿಲ್ಲ ಎಂಬುದು ಈ ದ್ವೀಪದ ಹಳೆಯ ಹೆಮ್ಮೆ. ಬಾಗಿಲಿನ ಸ್ಥಾನದಲ್ಲಿ ಇದ್ದುದು ಈ ಮೂರು ಕೋಲುಗಳು. ಹದಿಮೂರನೆಯ ಶತಮಾನದಲ್ಲಿ ಮಂಗೋಲರು ಇಲ್ಲಿಗೆ ಕುದುರೆಗಳನ್ನು ತಂದು ಮೇಯಲು ಬಿಟ್ಟಂದಿನಿಂದ ಕುದುರೆಗಳಿಗೂ ದನಗಳಿಗೂ ಇಲ್ಲಿ ಕೊರತೆಯಿಲ್ಲವಾದುದರಿಂದ, ಅವು ಅಂಗಳಕ್ಕೆ ನುಗ್ಗದಂತೆ ತಡೆಯುವುದು ಕೋಲುಗಳ ಕೆಲಸ. ಆದರೆ ಕೋಲುಗಳಿಗೆ ಇನ್ನೊಂದು ಕೆಲಸವನ್ನೂ ಜನ ಕಲಿಸಿದ್ದರು. ಒಂದೇ ಕೋಲು ಅಡ್ಡವಿದ್ದರೆ, ಮನೆಯವರು ಇಲ್ಲೇ ನೆರೆಯಲ್ಲಿದ್ದಾರೆ, ಈಗ ಬಂದಾರು. ಎರಡಿದ್ದರೆ, ಹೊಲಕ್ಕೆ ಹೋಗಿದ್ದಾರೆ, ಸಂಜೆಗೆ ಬಂದಾರು. ಮೂರೂ ಇದ್ದರೆ, ದೂರ ಹೋಗಿದ್ದಾರೆ, ಬರುವುದು ಕೆಲವು ದಿನಗಳಾದೀತು. ಒಂದೂ ಇಲ್ಲದಿದ್ದರೆ, ಮನೆಯಲ್ಲಿದ್ದಾರೆ, ಬನ್ನಿ. ಮನೆ ಬರಿದಾಗಿದೆ, ಇಂತಿಷ್ಟು ಕಾಲ ಬರಿದಾಗಿಯೇ ಇರುತ್ತದೆ ಎಂಬ ಗುಟ್ಟನ್ನು ಬೀದಿಯ ಪ್ರತಿಯೊಬ್ಬನಿಗೂ ತಾನಾಗಿ ಹೇಳಿಬಿಡುವ ಬಾಗಿಲನ್ನು ಕಟ್ಟಿದವರು ಎಂತಹ ನೆರೆಹೊರೆಯ ನಡುವೆ ಬಾಳಿದ್ದಿರಬೇಕು!

ನಾನು ನಿಂತದ್ದು ಈ ವಿವರವನ್ನು ಕೇಳಿಯಲ್ಲ. ಅದನ್ನು ಅಳಿಯನು ಆಮೇಲೆ ಫಲಕವನ್ನು ಓದಿ ಹೇಳಿದನು. ನಾನು ನಿಂತದ್ದು, ಅದು ನಮ್ಮ ಅಜ್ಜಿಯ ಮನೆಯ ಉಣುಗೋಲಾಗಿದ್ದುದರಿಂದ.

ತೀರ್ಥಹಳ್ಳಿಯ ಕಡೆಯ ಆ ಮನೆಗೆ, ಗದ್ದೆಯ ಅಂಚಿನಿಂದ ಅಂಗಳಕ್ಕೆ ಹತ್ತುವಲ್ಲಿ, ತೂತು ಕೊರೆದ ಎರಡು ಮರದ ಕಂಬಗಳಿದ್ದುವು. ಅವುಗಳಲ್ಲಿ ನಾಲ್ಕು ಬಿದಿರ ಗಳುಗಳು. ಒಳಗೆ ಬರುವವರು ಗಳುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ, ದಾಟಿ, ಮತ್ತೆ ಎಳೆದು ಹಾಕಬೇಕು. ಬಿದಿರು ಮರದ ತೂತಿನಲ್ಲಿ ಜಾರುವಾಗ ಒಂದು ಬಗೆಯ ಕೊರಗು ಸದ್ದು ಬರುತ್ತಿತ್ತು. ಮಳೆಗಾಲದಲ್ಲಿ ನೆನೆದ ಬಿದಿರಾದರೆ ಸದ್ದು ದಪ್ಪ, ಬೇಸಗೆಯಲ್ಲಿ ತೆಳುವು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತ ಅಜ್ಜಿ, ತಲೆಯೆತ್ತದೆಯೇ, ಬಂದವರು ಯಾರೆಂದು ಆ ಸದ್ದಿನಿಂದ ಹೇಳುತ್ತಿದ್ದಳು. ನಾಲ್ಕು ಗಳುಗಳನ್ನೂ ನಿಧಾನವಾಗಿ ಸರಿಸಿ ನಾಲ್ಕನ್ನೂ ಹಾಕುವವನು ಅಜ್ಜ. ಮೇಲಿನ ಎರಡನ್ನು ಸರಿಸಿ ಉಳಿದೆರಡನ್ನು ದಾಟುವವಳು ಹಾಲಿಗೆ ಬರುವ ಪಕ್ಕದ ಮನೆಯಾಕೆ. ಒಂದನ್ನೂ ಸರಿಸದೆ ಹತ್ತಿ ಹಾರುವುದರಿಂದ, ಸರಿಯುವ ಸದ್ದಿಲ್ಲದೆ ಬರೀ ಕಂಬ ಅದುರಿದರೆ, ಅವು ನಾವು ಮಕ್ಕಳು. “ಉಣುಗೋಲು ಹಾಕ್ಕೊಂಡು ಬಾರೋ, ಕರು ನುಗ್ಗುತ್ತೆ” ಎಂಬ ಅವಳ ಕೂಗು ನಾವು ಮೆಟ್ಟಿಲೇರುವ ಮುನ್ನವೇ ಕಿವಿಗೆ ಬೀಳುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಒಂದು ಸಂಜೆ, ಯಾರೋ ದೂರದ ನೆಂಟರು ನಾಲ್ಕು ಗಳುಗಳನ್ನೂ ಅವನಂತೆಯೇ ನಿಧಾನವಾಗಿ ಸರಿಸಿ ಬಂದಾಗ, ಅವಳು ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ಬಾಗಿಲಿನವರೆಗೆ ಎದ್ದು ಬಂದುದನ್ನು ನಾನು ಕಂಡಿದ್ದೇನೆ. ಆ ಉಣುಗೋಲಿನ ಜಾಗದಲ್ಲಿ ಈಗ ಕಬ್ಬಿಣದ ಗೇಟು ಇದೆ.

ಬಾಗಿಲೆಂಬುದು ಒಳಗಿರುವವನ ರಕ್ಷಣೆಗೆ ಎಂಬುದು ಸರ್ವವಿದಿತ. ಆದರೆ ಹೊರಗೆ ನಿಂತವನೊಡನೆ ಮಾತನಾಡುವುದೂ ಬಾಗಿಲಿನ ಧರ್ಮವೇ ಸರಿ. ನಾನು ಈ ದಿನವಿಡೀ ಅಳಿಯನಿಗೆ ಇದನ್ನೇ ಹೇಳುತ್ತ ಬಂದೆನು. ಅವನು ಸಹನೆಯಿಂದ ಕೇಳಿದನು. ಸೊಂಗುಪ್‌ನಲ್ಲಿ ಹುರುಳಿ ಬಣ್ಣದ ಬಕ್‌ವೀಟ್ ಹಿಟ್ಟಿನ ತೆಳುದೋಸೆಯಲ್ಲಿ ಮೂಲಂಗಿಯ ಎಳೆಗಳನ್ನು ಸುತ್ತಿದ ಬಿಂಗ್‌ತೊಕ್ ಎಂಬ ತಿಂಡಿಯನ್ನು ತಿನ್ನುವಾಗಲೂ ಇದೇ ಮಾತು.

ಒಡನೆಯೇ ಇನ್ನೊಂದನ್ನೂ ನೆನೆಯಬೇಕಾಯಿತು. ಮನೆಗಳಿಗೆ ಬಾಗಿಲಿಲ್ಲದ ಈ ದ್ವೀಪಕ್ಕೇ ಅರಸರು ಬೀಗ ಹಾಕಿದ್ದ ಕಾಲವೊಂದಿತ್ತು. ತೆರಿಗೆ ಕಪ್ಪಗಳ ಭಾರವನ್ನು ತಾಳಲಾರದೆ ಜನ ಮುಖ್ಯಭೂಮಿಗೆ ಓಡಿಹೋಗುತ್ತಿದ್ದುದನ್ನು ತಡೆಯಲು, 1629ರಲ್ಲಿ, ದ್ವೀಪದವರಾರೂ ಅಪ್ಪಣೆಯಿಲ್ಲದೆ ಕಡಲು ದಾಟಕೂಡದೆಂದು ಆಜ್ಞೆಯಾಗಿ, ಅದು ಸುಮಾರು ಇನ್ನೂರು ವರ್ಷ ನಡೆಯಿತು. ಹೊಲಕ್ಕೆ ಹೋದವನು ಎರಡು ಕೋಲು ಹಾಕಿ ಹೋಗಬಹುದಾಗಿತ್ತು. ಕಡಲಾಚೆಗೆ ಹೋಗುವ ಮೂರನೆಯ ಕೋಲು ಅವನ ಕೈಯಲ್ಲಿರಲಿಲ್ಲ. ನಿನ್ನೆ ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಬರುವಾಗ, ಹ್ವಾಬುಕ್ ಎಂಬಲ್ಲಿ ಕಡಲಿನ ಅಂಚಿನಲ್ಲಿಯೇ ಇರುವ ಗೊನುಲ್‌ದೊಂಗ್ ಎಂಬ ಪಾಳುಹಳ್ಳಿಯಲ್ಲಿ ಇಳಿದಿದ್ದೆವು. 1948ರ ಏಪ್ರಿಲ್ 3ರ ದಂಗೆಯ ನಂತರ ದ್ವೀಪವನ್ನೆಲ್ಲ ನುಂಗಿದ ಹತ್ಯಾಕಾಂಡದಲ್ಲಿ ಸತ್ತವರು ಇಪ್ಪತ್ತೈದರಿಂದ ಮೂವತ್ತು ಸಾವಿರವೆಂದು ಅಂದಾಜು. ಗೊನುಲ್‌ದೊಂಗ್ ಅನ್ನು 1949ರ ಜನವರಿಯಲ್ಲಿ ಸೈನಿಕರು ಸುಟ್ಟರು. ಅನಂತರ ಅಲ್ಲಿ ಮನೆ ಕಟ್ಟಲು ಯಾರೂ ಮರಳಲಿಲ್ಲ. ಉಳಿದಿರುವುದು ಕರಿಗಲ್ಲಿನ ಗೋಡೆಗಳು, ಗೋಡೆಗಳ ನಡುವೆ ಹುಲ್ಲು, ಮತ್ತು ಪ್ರತಿ ಮನೆಯ ನೆಲೆಗೂ ಒಂದೊಂದು ತೆರವು, ದಾರಿಯಿದ್ದ ಜಾಗ. ನಿನ್ನೆ ಅದನ್ನು ಕೇವಲ ತೆರವೆಂದು ನೋಡಿದ್ದೆನು. ಸೊಂಗುಪ್‌ನ ಕಂಬಗಳನ್ನು ಕಂಡ ಮೇಲೆ, ಅಡ್ಡ ಕೋಲಿಲ್ಲದ ಆ ತೆರವುಗಳೆಲ್ಲ ನನಗೆ ಬೇರೆಯಾಗಿ ಕಾಣತೊಡಗಿದುವು. ಈ ಜನದ ಭಾಷೆಯಲ್ಲಿ ಅವು ಇಂದಿಗೂ “ಮನೆಯಲ್ಲಿದ್ದೇವೆ, ಬನ್ನಿ” ಎನ್ನುತ್ತಿವೆ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ನಾಮ್‌ವನ್ ದಾಟಿ ಸೊಗ್ವಿಪೊ ಪಟ್ಟಣದ ಕಡೆಗೆ ಹೊರಟಿದ್ದೆವು. ಎರಡು ಪಕ್ಕದಲ್ಲೂ ಕಿತ್ತಳೆಯ ತೋಟಗಳು. ನವೆಂಬರ್ ತಿಂಗಳಾದುದರಿಂದ ಗಿಡಗಳು ಎಲೆಗಿಂತ ಹಣ್ಣಾಗಿಯೇ ಕಾಣುತ್ತಿದ್ದುವು. ರಸ್ತೆಯ ಬದಿಗೆ ಎರಡು ಪೆಟ್ಟಿಗೆಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಚೀಲ ಚೀಲ ಹಣ್ಣು, ಪಕ್ಕದಲ್ಲಿ ಸೀಳು ಕೊರೆದ ಒಂದು ತಗಡಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಅಳಿಯನು ಡಬ್ಬಿಯಲ್ಲಿ ನೋಟನ್ನು ಹಾಕಿ ಒಂದು ಚೀಲವನ್ನು ಎತ್ತಿಕೊಂಡನು. ಕಲ್ಲುಗೋಡೆಯ ಮರೆಯಲ್ಲಿ ಕುಳಿತು ಸುಲಿಯತೊಡಗಿದೆವು. ಬೀಜವಿಲ್ಲ, ತೆಳು ಸಿಪ್ಪೆ ಒಂದೇ ಎಳೆತಕ್ಕೆ ಹೂವಿನಂತೆ ಬಿಡಿಸಿಕೊಳ್ಳುತ್ತದೆ.

ಈ ಹಣ್ಣಿಗೂ ಒಂದು ಚರಿತ್ರೆಯುಂಟು. ಜೋಸನ್ ಅರಸರ ಕಾಲದಲ್ಲಿ ಜೇಜುವಿನ ಕಿತ್ತಳೆಯೆಲ್ಲ ರಾಜಧಾನಿಗೆ ಕಪ್ಪವಾಗಿ ಹೋಗಬೇಕಾಗಿತ್ತು. ಹಣ್ಣು ಅರಮನೆಯನ್ನು ಮುಟ್ಟಿದಾಗ ರಾಜಧಾನಿಯ ವಿದ್ಯಾರ್ಥಿಗಳಿಗೆ ಅದನ್ನು ಹಂಚಿ, ಆ ಸಂತೋಷಕ್ಕಾಗಿಯೇ ಒಂದು ವಿಶೇಷ ಪರೀಕ್ಷೆಯನ್ನು ನಡೆಸುತ್ತಿದ್ದರು. ಹ್ವಾಂಗ್‌ಗಾಮ್‌ಜೆ ಎಂದು ಅದರ ಹೆಸರು. ಇತ್ತ ದ್ವೀಪದಲ್ಲಿ ಅಧಿಕಾರಿಗಳು ಗಿಡದ ಮೇಲಿರುವಾಗಲೇ ಕಾಯಿಗಳನ್ನು ಎಣಿಸಿ ಹೋಗಿ, ಗಾಳಿಗೆ ಉದುರಿದುದಕ್ಕೂ ಲೆಕ್ಕ ಕೇಳುತ್ತಿದ್ದುದರಿಂದ, ರೈತರು ಇರುಳಿನಲ್ಲಿ ಎದ್ದು ತಮ್ಮ ಗಿಡದ ಬುಡಕ್ಕೆ ತಾವೇ ಕುದಿನೀರು ಹೊಯ್ದು ಕೊಲ್ಲುತ್ತಿದ್ದರೆಂದು ಹೇಳುತ್ತಾರೆ. ಅದೇ ಗಿಡ 1960 ಮತ್ತು 70ರ ದಶಕಗಳಲ್ಲಿ ಎಷ್ಟು ಬೆಲೆ ತಂದಿತೆಂದರೆ, ಜನ ಅದನ್ನು “ದೇಹಾಕ್ ನಾಮು” ಎಂದು ಕರೆದರು: ವಿಶ್ವವಿದ್ಯಾಲಯದ ಮರ. ಹಿತ್ತಲಲ್ಲಿ ಎರಡು ಮರಗಳಿದ್ದರೆ ಮಗನನ್ನೋ ಮಗಳನ್ನೋ ಕಡಲಾಚೆ ಕಳುಹಿಸಿ ಓದಿಸಬಹುದಾಗಿತ್ತು.

ಇದನ್ನು ಹೇಳಿ ಮುಗಿಸಿದ ಅಳಿಯನು ಬಹಳ ಹೊತ್ತು ಸುಮ್ಮನಿದ್ದನು. ನಾಲ್ಕು ವರ್ಷ ಅಡಿಕೆಯ ಫಸಲನ್ನು ಮರದ ಮೇಲಿದ್ದಂತೆಯೇ ಗುತ್ತಿಗೆಗೆ ಕೊಟ್ಟು ನನ್ನ ತಂಗಿ ಅವನನ್ನು ಓದಿಸಿದಳೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

“ಮಾವ, ಅಮ್ಮನಿಗೆ ಒಂದು ಚೀಲ ಒಯ್ಯಕ್ಕಾಗುತ್ತಾ?” ಎಂದನು.

“ಹಣ್ಣು ಕೊಳೆಯುತ್ತೋ, ನಾನು ಊರು ಮುಟ್ಟೋದು ಇನ್ನು ಹತ್ತು ದಿನಕ್ಕೆ.”

“ಸಿಪ್ಪೆ?”

ಸಿಪ್ಪೆ ಕೊಳೆಯುವುದಿಲ್ಲ. ಒಣಗಿಸಿಟ್ಟರೆ ಅವಳು ಬೆಲ್ಲ ಹುಣಿಸೆ ಹಾಕಿ ಗೊಜ್ಜು ಮಾಡಿಯಾಳು. ಅವನು ಕರವಸ್ತ್ರವನ್ನು ಗೋಡೆಯ ಮೇಲೆ ಹಾಸಿ, ನಾವಿಬ್ಬರೂ ಸುಲಿದೆಸೆದಿದ್ದ ಸಿಪ್ಪೆಗಳನ್ನೆಲ್ಲ ಆರಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಒಂದೊಂದು ಕರಿಗಲ್ಲನ್ನಿಟ್ಟನು.