ಹೆಸರಿಲ್ಲದ ಫೋಟೋಗಳು, ಭಾಗ 4: ತಾರಣ ಸಂವತ್ಸರದ ಅವ್ವ

1/4
ಹಳೇ ಸಾಮಾನಿನ ಅಂಗಡಿಯಲ್ಲಿ ಫೋಟೋಕ್ಕೆ ರೇಟ್ ಇರೋದಿಲ್ಲ, ಫ್ರೇಮಿಗೆ ಇರ್ತದೆ. ಸಾಗವಾನಿ ಫ್ರೇಮು ಬೇಕಾದವರು ಒಳಗಿನ ಫೋಟೋ ತೆಗೆದು ಅಲ್ಲೇ ಬಿಟ್ಟು ಹೋಗ್ತಾರೆ. ಹುಬ್ಬಳ್ಳಿಯ ಒಬ್ಬ ಅಂಗಡಿಯವರು ಅಂಥವನ್ನ ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಡ್ತಾರೆ. ಈ ಸರಣಿಯ ಫೋಟೋ ಎಲ್ಲ ಆ ಡಬ್ಬಿಯವೇ. ಇವತ್ತಿನದು, ತನ್ನ ಮನೆ ಸೇರಿದ ಮೊದಲನೆಯದು.

ನಿಮಗೆ ಕಾಣ್ತಿರೋದು ಹಿಂಭಾಗ ಮಾತ್ರ. ಮುಂದೆ ಕುರ್ಚಿ ಮೇಲೆ ಕೂತ ಹದಿನೆಂಟು-ಇಪ್ಪತ್ತರ ಹೆಣ್ಣುಮಗಳು, ತೊಡೆ ಮೇಲೆ ಕೂಸು, ಪಕ್ಕದಲ್ಲಿ ಕೋಟು, ರುಮಾಲಿನ ಗಂಡಸು. ಮುಖ ಹಾಕಬೇಡ ಅಂತ ಮನೆಯವರು ಹೇಳಿದ್ದಾರೆ. ಅದಕ್ಕೇ ಹೆಸರು, ಊರಿನ ಮೇಲೆ ನನ್ನ ಬೆರಳಿದೆ.

2/4
ಪೆನ್ಸಿಲ್ಲಿನಲ್ಲಿ ಮೂರೇ ಸಾಲು. ಒಂದು ಹೆಣ್ಣಿನ ಹೆಸರು, ಗದಗ ಕಡೆಯ ಒಂದು ಊರು, ಆಮೇಲೆ "ತಾರಣ ಸಂ. ಶ್ರಾವಣ". ಇಸವಿ ಇಲ್ಲ.

ಸಂವತ್ಸರಗಳು ಅರವತ್ತು. ಹಾಗಾಗಿ ತಾರಣ ಅರವತ್ತು ವರ್ಷಕ್ಕೊಮ್ಮೆ ಬರ್ತದೆ: 1884, 1944, 2004. 2004 ಅಂತೂ ಅಲ್ಲ. ಫೋಟೋ ಪ್ರಿಂಟ್ ಆಗಿರೋದು ಪೋಸ್ಟ್‌ಕಾರ್ಡಿನ ಮೇಲೆ. ಹಿಂದೆ ನಡುವೆ ಗೆರೆ ಇದೆ, ಒಂದು ಕಡೆ ಸುದ್ದಿ ಬರೆಯೋಕೆ, ಇನ್ನೊಂದು ಕಡೆ ವಿಳಾಸಕ್ಕೆ. ಆ ಗೆರೆ ಕಾರ್ಡುಗಳಿಗೆ ಬಂದದ್ದೇ 1900 ದಾಟಿದ ಮೇಲೆ. ಹಾಗಾಗಿ 1884 ಕೂಡ ಹೋಯ್ತು. ಉಳಿದದ್ದು 1944.

ಹೆಸರಿಂದ ಮಾತ್ರ ಏನೂ ಸಿಗಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆ ದಿನವೇ ಸೊಸೆಗೆ ಹೊಸ ಹೆಸರಿಡ್ತಿದ್ದರು. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು. ನಾಡಕಚೇರಿಯ ವಂಶವೃಕ್ಷದಲ್ಲಿ ಸಿಗಬಹುದಲ್ಲ ಅಂತೀರಿ. ಅದನ್ನ ಜನ ಮಾಡಿಸೋದು ಹೆಚ್ಚಾಗಿ ಹೊಲದ ಪೌತಿ ಖಾತೆಗೆ. ಹೆಸರಲ್ಲಿ ಹೊಲ ಇಲ್ಲದವಳು, ಬೇಗ ತೀರಿಹೋದವಳು ಆ ಕಾಗದದೊಳಗೆ ಬರೋದೇ ಕಷ್ಟ.

3/4
ದಾರಿ ತೋರಿಸಿದವರು ಹೆಳವರು. ಹಳ್ಳಿ ಕಡೆಯ ಕ್ಲಾಸ್‌ಮೇಟ್‌ಗಳಿಗೆ ಗೊತ್ತಿರ್ತದೆ: ಎತ್ತು ಹೊಡಕೊಂಡು ಮನೆಮನೆಗೆ ಬಂದು, ನಿಮ್ಮ ಮುತ್ತಜ್ಜನ ಅಜ್ಜನ ಹೆಸರನ್ನೂ ಹೇಳಿ, ಹೊಸದಾಗಿ ಹುಟ್ಟಿದವರನ್ನ ಬರಕೊಂಡು, ಕಾಳು-ದುಡ್ಡು ತಗೊಂಡು ಹೋಗೋರು. ಆ ಊರಿಗೆ ಬರುವ ಹೆಳವರು ಹೊತ್ತಿಗೆ ಬಿಚ್ಚಿದರು. ಗಂಡಸರ ಹೆಸರು ಪುಟಗಟ್ಟಲೆ. ನನಗೆ ಬೇಕಾದ ಹೆಸರು ಒಂದು ಮನೆತನದ ಕೊನೆಗೆ, ಒಂದೇ ಸಾಲಿನಲ್ಲಿತ್ತು: ಮಗಳು, ಇಂಥ ಊರಿಗೆ ಕೊಟ್ಟದ್ದು.

ಆ ಊರಿಗೆ ಹೋಗಿ ಕೇಳಿದೆ. ಮನೆಯವರು ಈಗ ಧಾರವಾಡದಲ್ಲೇ ಇದ್ದಾರೆ, ನಮ್ಮ ಕಾಲೇಜಿನಿಂದ ಎರಡು ಸ್ಟಾಪ್.

ಆ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರ ಅವ್ವ ಎರಡನೇ ಬಾಣಂತನದಲ್ಲಿ ತೀರಿಕೊಂಡರಂತೆ. ಆಗ ಅಜ್ಜಿ ಇನ್ನೂ ಕೂಸು. ಒಂದು ಫೋಟೋ ಇತ್ತು, ಅವ್ವನ ತವರುಮನೆ ಗೋಡೆ ಮೇಲೆ ಅಂತ ಕೇಳಿದ್ದರು, ನೋಡಿರಲಿಲ್ಲ. ಮನೆ ಮಾರುವಾಗ ಗೋಡೆ ಮೇಲಿದ್ದದ್ದೆಲ್ಲ ಹೋಯ್ತು.

ಫೋಟೋ ಕೈಗೆ ಕೊಟ್ಟಾಗ ಅಜ್ಜಿ ಅಳಲಿಲ್ಲ. ಬಹಳ ಹೊತ್ತು ನೋಡಿ, "ಇಕಿನ ನಮ್ಮವ್ವ ಅಂತ ಖಾತ್ರಿ ಏನೈತಿ, ತಂಗಿ? ಗುರ್ತು ಹಿಡಿಯೋರು ಯಾರೂ ಉಳದಿಲ್ಲ" ಅಂದರು.

ಸರಿಯಾದ ಪ್ರಶ್ನೆ. ಪೋಸ್ಟ್‌ಕಾರ್ಡಿನ ಹಿಂದೆ ಬರೆದ ಹೆಸರು ಫೋಟೋದಲ್ಲಿ ಇರೋಳದ್ದೋ, ಫೋಟೋ ಯಾರಿಗೆ ಕಳಿಸಬೇಕಿತ್ತೋ ಅವಳದ್ದೋ? ಊರು, ವರ್ಷ, ಹೆಸರು ಹೊಂದಿದರೂ ನನ್ನ ಕೈಯಲ್ಲಿದ್ದದ್ದು ಅಂದಾಜು ಅಷ್ಟೇ. ಎಂಬತ್ತು ವರ್ಷ ಕಾದವರ ಕೈಗೆ ಅಂದಾಜು ಕೊಟ್ಟು ಬರೋಕಾಗಲ್ಲ.

4/4
ಅಜ್ಜಿಯೇ ನೆನಪು ಮಾಡಿಕೊಂಡರು: ಅವ್ವನ ತಂಗಿಯನ್ನ ಲಕ್ಷ್ಮೇಶ್ವರದ ಕಡೆ ಕೊಟ್ಟಿತ್ತು. ನಾಲ್ಕು ಫೋನಿನ ನಂತರ ಆ ಚಿಕ್ಕವ್ವನ ಮೊಮ್ಮಗಳು ಸಿಕ್ಕರು. ಎರಡು ವಾರ ಬಿಟ್ಟು ಅವರು ಟ್ರಂಕು ತೆಗೆದು ನೋಡಿದರೆ, ಅದೇ ಫೋಟೋದ ಇನ್ನೊಂದು ಪ್ರತಿ! ಹಿಂದೆ "ಅಕ್ಕ, ಆಕಿ ಕೂಸು" ಅಂತ ಬರೆದು, ಕೆಳಗೆ ಕೂಸಿನ ಹೆಸರು. ಅಜ್ಜಿಯ ಹೆಸರು.

ವಾಟ್ಸಾಪ್‌ನಲ್ಲಿ ಬಂದ ಅದನ್ನ ದೊಡ್ಡದು ಮಾಡಿ ತೋರಿಸಿದೆ. ಅಜ್ಜಿ ತಮ್ಮ ಹೆಸರನ್ನ ಅಕ್ಷರ ಅಕ್ಷರ ಓದಿದರು. "ಅಂದ್ರ ಈ ಕೂಸು ನಾನು." ಆಮೇಲೆ, "ಅವ್ವ ಎಷ್ಟ್ ಸಣ್ಣಾಕಿ ನೋಡು. ನನ್ನ ಮೊಮ್ಮಗಳ ವಾರಗಿ ಇದ್ದಾಳ."

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯ ಹಳೇ ಆಲ್ಬಮ್ ತೆಗೆದು, ಗೊತ್ತಿರೋರು ಇರುವಾಗಲೇ ಕೇಳಿ ಬರೆದಿಡಿ. ಮೆತ್ತಗಿನ ಪೆನ್ಸಿಲ್ ಇರಲಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದಿನ ಕಡೆ ಮೂಡ್ತದೆ. "ಅಜ್ಜಿ" ಅಂತಷ್ಟೇ ಬರೆದರೆ ಸಾಲದು, ಐವತ್ತು ವರ್ಷದ ಮೇಲೆ ಯಾರ ಅಜ್ಜಿ ಅಂತ ಯಾರಿಗೂ ಗೊತ್ತಾಗಲ್ಲ. ಹೆಂಗಸರದ್ದಾದರೆ ಎರಡೂ ಹೆಸರು, ತವರೂರು, ಇಸವಿ ಬೇಕು.

ನಿಮ್ಮ ಮನೆಯಲ್ಲಿ ಎರಡು ಹೆಸರಿನ ಅಜ್ಜಿ ಇದ್ದಾರಾ? ಕೇಳಿ ನೋಡಿ, ಕೆಳಗೆ ಬರೀರಿ. ಡಬ್ಬಿಯಲ್ಲಿ ಇನ್ನೂ ಇಪ್ಪತ್ತಾರು ಫೋಟೋ ಇವೆ. ಮುಂದಿನದು ಭಾನುವಾರ.

#ಹೆಸರಿಲ್ಲದಫೋಟೋಗಳು #ಹಳೇಫೋಟೋ #ಧಾರವಾಡ