ಹತ್ತು ಅಂಕಣಕ್ಕೆ ಹನ್ನೊಂದು ಕಂಬ

ಕಾವ್ಯ, ವ್ಯಾಕರಣ, ತರ್ಕಗಳನ್ನು ಮಠದ ಪಾಠಶಾಲೆಯಲ್ಲಿ ಗುರುಗಳ ಸನ್ನಿಧಿಯಲ್ಲಿ ಕಲಿತವರು ನಾವು. ಗಣಿತವೆಂದರೆ ನಮ್ಮ ಪಾಲಿಗೆ ಕಾಲು, ಅರೆ, ಮುಕ್ಕಾಲರ ಮಗ್ಗಿ ಮತ್ತು ದಾಸೋಹದ ಉಗ್ರಾಣದ ಅಕ್ಕಿ-ಬೇಳೆಯ ಲೆಕ್ಕ, ಅಷ್ಟೇ. ಆದುದರಿಂದ ಕಳೆದ ವರ್ಷ ಜೂನ್ ತಿಂಗಳಲ್ಲಿ ಬಳ್ಳಾರಿಯ ಶಿಕ್ಷಕರೊಬ್ಬರು ಬಂದು, "ಮಕ್ಕಳ ಗಣಿತ ಸಂಘವೊಂದನ್ನು ಆರಂಭಿಸಿದ್ದೇವೆ, ತಾವು ಬಂದು ಹರಸಬೇಕು" ಎಂದಾಗ ತುಸು ಸಂಕೋಚವೇ ಆಯಿತು. ಅರುವತ್ತು ದಾಟಿದ ಈ ವಯಸ್ಸಿನಲ್ಲಿ ಆ ಮಕ್ಕಳಿಂದ ನಾವೇ ಪಾಠ ಕಲಿಯಬೇಕಾದೀತೆಂದು ಆಗ ಎಣಿಸಿರಲಿಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಇಪ್ಪತ್ತು-ಇಪ್ಪತ್ತೈದು ಮಕ್ಕಳು ಕೂಡುತ್ತಿದ್ದರು. ಮೊದಲ ದಿನವೇ ಶಿಕ್ಷಕರು ಮಹಾವೀರಾಚಾರ್ಯನ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದರು. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಇಂತಹ ಸಂಖ್ಯೆಗಳನ್ನು ಆ ಆಚಾರ್ಯನು ಕೊರಳ ಹಾರಗಳೆಂದು ಕರೆದನು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ ಅವನು ರಚಿಸಿದ 'ಗಣಿತಸಾರಸಂಗ್ರಹ'ವನ್ನು ಮುಂದೆ 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 12ನೆಯ ಶತಮಾನದ ರಾಜಾದಿತ್ಯನಾದರೋ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡ-ತೆಲುಗುಗಳೆರಡೂ ಮನೆಮಾತಾಗಿರುವ ನಮ್ಮ ಬಳ್ಳಾರಿಯ ಮಕ್ಕಳಿಗೆ ಇದು ಹೆಮ್ಮೆಯ ಸಂಗತಿಯಲ್ಲವೇ?

ಗಣಿತದ ಸ್ಪರ್ಧೆಗಳು ನಮ್ಮ ಸೀಮೆಗೆ ಹೊಸವಲ್ಲ. ಅಕ್ಷರ ಪ್ರತಿಷ್ಠಾನದವರು ಗ್ರಾಮ ಪಂಚಾಯಿತಿಗಳ ಸಹಕಾರದಿಂದ 4, 5 ಮತ್ತು 6ನೆಯ ತರಗತಿಯ ಮಕ್ಕಳಿಗಾಗಿ ಇಂತಹವನ್ನು ನಡೆಸಿದ್ದಾರೆ. ನಮ್ಮ ಸಂಘದ ಸ್ಪರ್ಧೆ ಚಿಕ್ಕದು. ಆಗಸ್ಟ್‌ನಲ್ಲಿ ಬಳ್ಳಾರಿಯಲ್ಲಿ ಮೊದಲ ಸುತ್ತು, ನವೆಂಬರಿನಲ್ಲಿ ಸಿರುಗುಪ್ಪದಲ್ಲಿ ಎರಡನೆಯದು, ಡಿಸೆಂಬರ್ 22ರಂದು ಕುರುಗೋಡಿನಲ್ಲಿ ಕೊನೆಯದು. ಶ್ರೀನಿವಾಸ ರಾಮಾನುಜನ್ ಅವರು ಜನಿಸಿದ ಆ ದಿನವನ್ನು 2012ರಿಂದ ರಾಷ್ಟ್ರೀಯ ಗಣಿತ ದಿನವೆಂದು ಆಚರಿಸಲಾಗುತ್ತಿದೆ.

ಸಿರುಗುಪ್ಪದಲ್ಲಿ ಆಗ ಭತ್ತದ ಕೊಯ್ಲಿನ ಕಾಲ. ಹಿರಿಯರೆಂಬ ಕಾರಣದಿಂದ ನಮ್ಮನ್ನು ತೀರ್ಪುಗಾರರ ಪೀಠದಲ್ಲಿ ಕೂರಿಸಿದ್ದರು. "ನೂರು ಅಡಿ ಉದ್ದದ ಬದುವಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹತ್ತು ಅಡಿಗೊಂದರಂತೆ ನೆಡಲು ಎಷ್ಟು ಸಸಿ ಬೇಕು?" ಎಂಬುದು ಪ್ರಶ್ನೆ. ಕೂಲಿಕಾರ ಕುಟುಂಬದ ಹುಡುಗಿಯೊಬ್ಬಳು "ಹನ್ನೊಂದು" ಎಂದಳು. ನಮ್ಮ ಕೈಯ ಹಾಳೆಯಲ್ಲಿ ಹತ್ತು ಎಂದಿತ್ತು. "ಎರಡೂ ತುದೀಗೆ ಗಿಡ ಬೇಕಲ್ರೀ ಅಜ್ಜಾರ" ಎಂದು ಆಕೆ ಹೇಳಹೊರಟಳು. ನಾವು ಕೇಳಲಿಲ್ಲ. "ವೇಳೆಯಾಯಿತು, ಕುಳಿತುಕೋ ತಾಯಿ" ಎಂದುಬಿಟ್ಟೆವು. ಒಂದೇ ಅಂಕದಿಂದ ಆಕೆ ನಾಲ್ಕನೆಯವಳಾದಳು. ಕುರುಗೋಡಿಗೆ ಆಯ್ಕೆಯಾದವರು ಮೂವರು ಮಾತ್ರ.

ಮರುದಿನ ಬೆಳಗಿನ ಪೂಜೆ ಮುಗಿಸಿ ಮಠದ ಪಡಸಾಲೆಯಲ್ಲಿ ಕುಳಿತಿದ್ದೆವು. ಹತ್ತು ಅಂಕಣದ ಪಡಸಾಲೆ ಅದು. ಬಾಲ್ಯದಿಂದ ಬಲ್ಲ ಆ ಕಂಬಗಳ ಸಾಲಿನತ್ತ ದೃಷ್ಟಿ ಹರಿಯಿತು. ಎಣಿಸಿದೆವು. ಹನ್ನೊಂದು! ಎದೆ ಧಸಕ್ಕೆಂದಿತು. ಅಂಕಣ ಹತ್ತಾದರೆ ಕಂಬ ಹನ್ನೊಂದು ಎಂಬುದನ್ನು ಮನೆ ಕಟ್ಟುವ ಯಾವ ಗೌಂಡಿಯೂ ಬಲ್ಲ. ತರ್ಕಶಾಸ್ತ್ರವನ್ನು ಓದಿದ ನಾವು ಹಾಳೆಯನ್ನು ನಂಬಿ, ಕಣ್ಣೆದುರಿನ ಸತ್ಯವನ್ನು ನುಡಿದ ಮಗುವನ್ನು ಕೂರಿಸಿದ್ದೆವು.

ಅಂದೇ ಶಿಕ್ಷಕರನ್ನು ಕಂಡೆವು. "ಫಲಿತಾಂಶ ಪ್ರಕಟವಾಗಿದೆ. ಈಗ ತಿದ್ದಿದರೆ ತಮ್ಮ ಹಿರಿತನಕ್ಕೆ ಕುಂದು" ಎಂದು ಕೆಲವರು ಹಿಂಜರಿದರು. "ಕುಂದು ನಮ್ಮದು, ಅದನ್ನು ನಾವೇ ಹೊರುತ್ತೇವೆ. ಮಗುವಿನ ಮೇಲೆ ಹೊರಿಸುವುದು ಬೇಡ" ಎಂದೆವು. ಆಯ್ಕೆಯಾದ ಯಾರನ್ನೂ ಕೈಬಿಡದೆ ಆಕೆಯನ್ನು ನಾಲ್ಕನೆಯವಳಾಗಿ ಸೇರಿಸಿಕೊಂಡರು. ಕುರುಗೋಡಿನ ಸಭೆಯಲ್ಲಿ ಎಲ್ಲರೆದುರು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಕೆ ತಲೆ ತಗ್ಗಿಸಿ ನಕ್ಕಳು.

ಅಲ್ಲಿ ಆಕೆಗೆ ಬಹುಮಾನವೇನೂ ಬರಲಿಲ್ಲ. ಸಂಜೆ ಮಕ್ಕಳನ್ನು ದೊಡ್ಡಬಸವೇಶ್ವರ ದೇವಾಲಯಕ್ಕೆ ಕರೆದೊಯ್ದೆವು. ಏಕಶಿಲೆಯ ಆ ಬೃಹತ್ ಬಸವಣ್ಣನ ದರ್ಶನ ಮಾಡಿ ಪ್ರದಕ್ಷಿಣೆ ಬರುತ್ತಿರುವಾಗ ಹುಡುಗಿ ತಟ್ಟನೆ ನಿಂತು ಕೇಳಿದಳು: "ಅಜ್ಜಾರ, ಹಿಂಗ ಸುತ್ತ ನೆಟ್ರ ಹತ್ತ ಸಾಕಲ್ರೀ? ಕಡೀ ಗಿಡದ ಮುಂದ ಮೊದಲ್ನೇದ ಬರ್ತದಲ್ರೀ."

ನಾವು ಬೆರಗಾದೆವು. ನೂರು ಅಡಿ ಸುತ್ತಳತೆಯ ಕಟ್ಟೆಯಾದರೆ ಹತ್ತೇ ಸಸಿ. ನೇರ ಬದುವಾದರೆ ಹನ್ನೊಂದು. ಹಾಳೆಯ ಉತ್ತರವೂ ಒಂದೆಡೆ ಸರಿ ಎಂಬುದನ್ನು, ಯಾವ ಹಾಳೆ ಆಕೆಯ ಅಂಕ ಕಳೆಯಿತೋ ಅದರ ಪರವಾಗಿ ಆಕೆಯೇ ಶೋಧಿಸಿದ್ದಳು! ಸೋತ ಸಿಟ್ಟು ಆ ಮಾತಿನಲ್ಲಿ ಲೇಶವೂ ಇರಲಿಲ್ಲ.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಮಗು ಸ್ಪರ್ಧೆಯಿಂದ ಮನೆಗೆ ಬಂದಾಗ "ಎಷ್ಟನೆಯ ಸ್ಥಾನ ಬಂತು?" ಎಂದು ಕೇಳುವ ಮೊದಲು "ಆ ಉತ್ತರ ನಿನಗೆ ಹೇಗೆ ಹೊಳೆಯಿತು?" ಎಂದು ಕೇಳಿರಿ. ಕೇಳಿದ ಮೇಲೆ ಅದರ ಮಾತು ಮುಗಿಯುವವರೆಗೆ ಕಾಯಿರಿ. ನಾವು ಅಂದು ಕಾಯದೆ ಹೋದುದಕ್ಕಾಗಿಯೇ ಇಷ್ಟನ್ನು ಬರೆಯಬೇಕಾಯಿತು.